ಖಾಲಿ ಸೈಟಿನ ಹುಳಗಳೂ ನನ್ನ ದೂರಿನ ಅರ್ಜಿಯೂ

ನಾನು ಬರೆದದ್ದರಲ್ಲಿ ಫಲ ಕೊಟ್ಟದ್ದು ಒಂದೇ ಒಂದು ಬರಹ, ಅದೂ ಒಂದು ದೂರಿನ ಅರ್ಜಿ. ಮದುವೆಗೆ ಮುಂಚೆ ಸರೋಜಳಿಗೆ ಬರೆದ ಪತ್ರಗಳಿಗೆ ಅವಳ ಅಣ್ಣನಿಂದ ಉತ್ತರ ಬಂದಿತ್ತು. ಪತ್ರಿಕೆಗಳಿಗೆ ಕಳಿಸಿದ ಲೇಖನಗಳಿಗೆ ಯಾರಿಂದಲೂ ಬರಲಿಲ್ಲ. ವಾರ್ಡಿನ ಕಚೇರಿಗೆ ಬರೆದುಕೊಟ್ಟ ಎರಡು ಪುಟಗಳನ್ನು ಮಾತ್ರ ಯಾರೋ ಪುಣ್ಯಾತ್ಮರು ಕೊನೆಯ ಸಾಲಿನವರೆಗೂ ಓದಿ, ಒಪ್ಪಿ, ಕ್ರಮವನ್ನೂ ಕೈಗೊಂಡುಬಿಟ್ಟರು. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ಅರ್ಜಿಯ ವಿಷಯ, ನಮ್ಮ ಮನೆಗೆ ಅಂಟಿಕೊಂಡಿರುವ ಖಾಲಿ ಸೈಟು. ರಾಮಮೂರ್ತಿ ನಗರದಲ್ಲಿ ಮನೆಗೂ ಮನೆಗೂ ನಡುವೆ ಬೆಕ್ಕು ಕೂಡ ಮೈ ಸಣ್ಣದು ಮಾಡಿಕೊಂಡು ನಡೆಯಬೇಕು. ಅಂಥ ಕಡೆ ಎರಡು ಸೈಟಿನಷ್ಟು ನೆಲ ಹಾಗೇ ಬಿದ್ದಿದೆ ಎಂದರೆ ಅದು ಇಡೀ ಬೀದಿಗೆ ಒಂದು ಮುಜುಗರ. ಅಲ್ಲಿ ಎಕ್ಕ, ಹರಳು, ಲಂಟಾನ, ತುಂಬೆ, ಮೊಣಕಾಲೆತ್ತರದ ಹುಲ್ಲು, ಮೂಲೆಯಲ್ಲೊಂದು ಹೊಂಗೆ ಮರ. ಯಾರೋ ಮನೆ ಕಟ್ಟಿ ಮುಗಿಸಿದ ಮೇಲೆ ಎಸೆದುಹೋದ ಸೆಂಟ್ರಿಂಗ್ ಹಲಗೆಗಳ ರಾಶಿ. ನಟ್ಟನಡುವೆ ಸೊಂಟದೆತ್ತರದ ಒಂದು ಕೆಂಪು ಹುತ್ತ. ಇಷ್ಟೆಲ್ಲ ಇಟ್ಟುಕೊಂಡೂ ಅದರ ಹೆಸರು ಖಾಲಿ ಸೈಟು. ನಾವು ಕಟ್ಟದೇ ಬಿಟ್ಟ ಜಾಗವೆಲ್ಲ ನಮ್ಮ ಕಣ್ಣಿಗೆ ಖಾಲಿಯೇ.

ನಾನು ಯಾರು ಎಂಬುದನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಹುಚ್ಚಾಟದಂತೆ ಕಾಣುತ್ತದೆ. ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಬುಷ್ಷು, ಬೋಲ್ಟು, ವಾಷರುಗಳನ್ನು ಭೂತಗನ್ನಡಿಯಲ್ಲಿ ನೋಡಿ, ವರ್ನಿಯರ್‌ನಲ್ಲಿ ಅಳೆದು, ಸರಿಯಿದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ ಕಟ್ಟುವುದು. ಇವೆರಡರ ನಡುವೆ ಒಂದು ಹಳದಿ ಚೀಟಿಯೂ ಇತ್ತು. ಅಳತೆಗೆ ಸರಿಯಾಗಿ ಬಂದಿಲ್ಲ, ಆದರೆ ಬಿಸಾಡುವಷ್ಟು ಕೆಟ್ಟಿಲ್ಲ, ಸದ್ಯಕ್ಕೆ ನಡೆಯಲಿ ಎನ್ನುವಂಥ ಮಾಲಿಗೆ ಅದು. ಅದನ್ನು ಕಟ್ಟುವ ಅಧಿಕಾರ ನಮಗಿರಲಿಲ್ಲ. ಮೇಲಿನವರು ಬಂದು, ನೋಡಿ, ತಮ್ಮ ಜವಾಬ್ದಾರಿಯ ಮೇಲೆ ಸಹಿ ಹಾಕಬೇಕಿತ್ತು. ನಾನಂತೂ ಯಾವ ಮಾಲಿಗೂ ಹಳದಿ ಕೊಡಿಸಿ ಎಂದು ಕೇಳಿದವನೇ ಅಲ್ಲ. ಬೆನ್ನ ಹಿಂದೆ ನನ್ನನ್ನು ಕೆಂಪು ಚೀಟಿ ಎಂದೇ ಕರೆಯುತ್ತಿದ್ದರು ಎಂದು ಬೀಳ್ಕೊಡುಗೆಯ ದಿನ ಹಾರ ಹಾಕುವಾಗ ಗೊತ್ತಾಯಿತು.

ರಿಟೈರ್ ಆದ ಮೇಲೂ ಕಣ್ಣು ಸುಮ್ಮನಿರಬೇಕಲ್ಲ? ಮೊದಲ ತಿಂಗಳು ಮನೆಯಲ್ಲಿ ದೋಸೆಗಳ ದಪ್ಪ ಒಂದೇ ಸಮ ಇಲ್ಲ ಎಂದು ಕಂಡುಹಿಡಿದೆ. ಎರಡನೆಯ ತಿಂಗಳು ಕಿಟಕಿಯ ಚೌಕಟ್ಟು ಎರಡು ಮಿಲಿಮೀಟರ್ ಓರೆಯಾಗಿದೆ ಎಂದು ಸರೋಜಳಿಗೆ ತೋರಿಸಿದೆ. ಮೂರನೆಯ ತಿಂಗಳು ಅವಳು, "ರೀ, ಕೈ ಮುಗೀತೀನಿ, ಕಾಂಪೌಂಡಿನ ಆಚೆ ಏನಾದ್ರೂ ಹುಡುಕ್ಕೊಳ್ಳಿ" ಎಂದಳು. ಹಾಗೆ ಪಕ್ಕದ ಸೈಟಿನ ಮೇಲೆ ನನ್ನ ದೃಷ್ಟಿ ಬಿತ್ತು.

ಬಿದ್ದ ವಾರವೇ ಅಲ್ಲಿಂದ ಹಾರಿಬಂದ ಯಾವುದೋ ಹುಳ ಟ್ಯೂಬ್‌ಲೈಟಿಗೆ ಸುತ್ತು ಹಾಕಿ ನೇರವಾಗಿ ನನ್ನ ಸಾರಿನ ಬಟ್ಟಲಿಗೆ ಇಳಿಯಿತು. ಎದ್ದವನೇ ಅರ್ಜಿ ಬರೆದೆ. ಸದರಿ ನಿವೇಶನದಿಂದ ಹುಳಹುಪ್ಪಟೆಗಳ ಕಾಟ ವಿಪರೀತವಾಗಿದ್ದು, ಸಾರ್ವಜನಿಕರ ನೆಮ್ಮದಿಗೆ ಭಂಗ ಬಂದಿರುವುದರಿಂದ, ಕೂಡಲೇ ಸ್ವಚ್ಛಗೊಳಿಸಬೇಕಾಗಿ ವಿನಂತಿ. ಸಾರ್ವಜನಿಕರು ಎಂದರೆ ನಾನೊಬ್ಬನೇ ಎಂಬುದನ್ನು ಬರೆಯಲಿಲ್ಲ. ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡ ಹೆಣ್ಣುಮಗಳು ಮರ್ಯಾದೆಯಿಂದಲೇ, "ಯಾವ ಹುಳ ಸಾರ್?" ಎಂದು ಕೇಳಿದರು. ನನಗೆ ಕೆನ್ನೆಗೆ ಹೊಡೆದಂತಾಯಿತು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ವಿವರ ಇಲ್ಲದ ವರದಿ ಕೊಟ್ಟವನಲ್ಲ ನಾನು. ಅನುಬಂಧವನ್ನು ಆಮೇಲೆ ಸಲ್ಲಿಸುತ್ತೇನೆ ಎಂದು ಹೇಳಿ ಬಂದೆ. ಆ ಪ್ರಶ್ನೆ ನನ್ನ ತಲೆಗೆ ಬಿಟ್ಟ ಹುಳ ಇವತ್ತಿನವರೆಗೂ ಹೊರಗೆ ಬಂದಿಲ್ಲ.

ಹಳೆಯ ಭೂತಗನ್ನಡಿ, ಹಳೆಯ ವರ್ನಿಯರ್ ಪೆಟ್ಟಿಗೆಯಿಂದ ಹೊರಬಂದವು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಮ್ ಎಳೆದೆ: ಕ್ರಮಸಂಖ್ಯೆ, ಹೆಸರು, ಅಳತೆ, ದೋಷ. ಮೊದಲ ದಿನ ಸಿಕ್ಕಿದ್ದು ಎಕ್ಕದ ಗಿಡದ ಮೇಲೆ ಕೂತಿದ್ದ ಒಂದು ದಪ್ಪ ಮಿಡತೆ. ಹಳದಿ ಮೈ, ಅದರ ಮೇಲೆ ನೀಲಿ ಪಟ್ಟೆ, ಯಾರೋ ಮದುವೆಗೆ ಹೊರಟ ಹಾಗೆ. ಎಡಗಡೆಯ ಪಟ್ಟೆಯನ್ನೂ ಬಲಗಡೆಯ ಪಟ್ಟೆಯನ್ನೂ ಹೋಲಿಸಿ ನೋಡಿದೆ. ಕಾಲಿನ ಮುಳ್ಳುಗಳನ್ನು ಎಣಿಸಿದೆ. ಮೀಸೆ ನೋಡಿದೆ. ಮುಕ್ಕಾಲು ಗಂಟೆಯಾದರೂ ದೋಷದ ಕಾಲಮ್ಮಿಗೆ ಹಾಕಲು ಏನೂ ಸಿಗಲಿಲ್ಲ. ಇಂಥ ಮಾಲು ನನ್ನ ಮೇಜಿಗೆ ಯಾವತ್ತೂ ಬಂದಿರಲಿಲ್ಲ. ಕೊನೆಗೆ "ಕಾರಣವಿಲ್ಲದೆ ನನ್ನನ್ನು ದಿಟ್ಟಿಸುತ್ತದೆ" ಎಂದು ಬರೆದು ಮನೆಗೆ ಬಂದೆ.

ಹೊಂಗೆಯ ಬುಡದ ಪುಡಿ ಮಣ್ಣಿನಲ್ಲಿ ಲಾಳಿಕೆಯಂಥ ಸಣ್ಣ ಸಣ್ಣ ಗುಳಿಗಳಿದ್ದವು. ಗುಳಿಯ ತಳದಲ್ಲಿ ಒಂದು ಹುಳ ಮಣ್ಣೊಳಗೆ ಮುಖ ಮರೆಸಿಕೊಂಡು ಕೂತಿರುತ್ತದೆ, ಇರುವೆ ಜಾರಿ ಬಿದ್ದರೆ ಊಟ. ಹದಿನಾಲ್ಕು ಗುಳಿಗಳ ಇಳಿಜಾರನ್ನು ನಾನು ಅಳೆದೆ. ಎಲ್ಲದರದ್ದೂ ಹೆಚ್ಚುಕಡಿಮೆ ಒಂದೇ. ಡ್ರಾಯಿಂಗ್ ಇಲ್ಲ, ಮೇಸ್ತ್ರಿ ಇಲ್ಲ, ನನ್ನಂಥ ಇನ್‌ಸ್ಪೆಕ್ಟರಂತೂ ಇಲ್ಲವೇ ಇಲ್ಲ! ನಮ್ಮ ಕಾರ್ಖಾನೆಯಲ್ಲಿ ಇಷ್ಟು ಮಾಡಿಸಲು ಮೂರು ಮೀಟಿಂಗ್ ಕರೆಯಬೇಕಾಗಿತ್ತು. ಇನ್ನೊಂದು ಕಡೆ ಸೊಂಟವೇ ಇಲ್ಲವೇನೋ ಎನ್ನುವಷ್ಟು ಸಪೂರದ ಒಂದು ಕಣಜ ನಮ್ಮ ಕಾಂಪೌಂಡ್ ಗೋಡೆಗೆ ಹಸಿಮಣ್ಣು ತಂದು ತಂದು ಮೆತ್ತಿ, ಕುಂಬಾರರು ತಲೆದೂಗುವಂಥ ಕುಡಿಕೆ ಮಾಡುತ್ತಿತ್ತು. ಸರೋಜ ಪೊರಕೆ ತಂದಾಗ ನಾನು ಅಡ್ಡ ನಿಂತೆ. ಅವಳು ನನ್ನನ್ನೂ ಕಣಜವನ್ನೂ ಒಮ್ಮೆ ನೋಡಿ ಒಳಗೆ ಹೋದಳು.

ಒಂದು ದಿನ ಹರಳಿನ ಎಲೆಯ ಮೇಲೆ, ಎಲ್ಲಿಂದ ಹಾರಿಬಂದಿತ್ತೋ, ಹಸಿರು ಚಿನ್ನದ ಬಣ್ಣದ ಜೀರಂಗಿ ಕೂತಿತ್ತು. ಅದನ್ನು ನೋಡಿ ನನ್ನ ಅರುವತ್ತೆರಡು ವರ್ಷಗಳಲ್ಲಿ ಐವತ್ತು ಉದುರಿಹೋದವು. ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ನಮ್ಮ ಗಲ್ಲಿಯ ಹುಡುಗರೆಲ್ಲ ಬೆಂಕಿಪೊಟ್ಟಣದಲ್ಲಿ ಜೀರಂಗಿ ಸಾಕುತ್ತಿದ್ದೆವು. ಅದರ ಜೊತೆಗೆ ಒಂದು ಜಾಲಿ ಎಲೆ, ಬೆಳಗಾದರೆ ಮೊಟ್ಟೆ ಇಟ್ಟಿದೆಯಾ ಎಂದು ಇಣುಕಿ ನೋಡುವುದು. ನಾನು ಜೀರಂಗಿ ಎಂದರೆ ಎದುರು ಮನೆಯ ತಮಿಳಿನ ಗೆಳೆಯ ಪೊನ್‌ವಂಡು ಎನ್ನುತ್ತಿದ್ದ. ಯಾವ ಹೆಸರು ಸರಿ ಎಂದು ಇಬ್ಬರೂ ಹೊಡೆದಾಡಿ, ಆ ಗಲಾಟೆಯಲ್ಲಿ ಪೊಟ್ಟಣ ತೆರೆದುಕೊಂಡು ಅದು ಹಾರಿಹೋಯಿತು. ಆಮೇಲೆ ಇಬ್ಬರೂ ಒಟ್ಟಿಗೆ ಅತ್ತೆವು. ಇಷ್ಟು ವರ್ಷ ಅದು ಎಲ್ಲಿ ಹೋಯಿತೋ ಎಂದುಕೊಂಡಿದ್ದೆ. ಹಲಸೂರಿನಿಂದ ರಾಮಮೂರ್ತಿ ನಗರಕ್ಕೆ ಬರಲು ನನಗೇ ಅಷ್ಟು ಕಾಲ ಹಿಡಿಯಿತಲ್ಲ, ಅದನ್ನೇನು ಅನ್ನುವುದು.

ಹೀಗೆ ಒಂದು ಬೆಳಿಗ್ಗೆ ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದಾಗ ಹಿಂದಿನಿಂದ, "ಏನ್ ಸಾಮಿ, ಉಂಗ್ರ ಕಳ್ಕಂಡ್ರಾ?" ಎಂಬ ದನಿ ಕೇಳಿತು. ಕೈಯಲ್ಲಿ ಕುಡುಗೋಲು, ಕಂಕುಳಲ್ಲಿ ಗೋಣಿಚೀಲ, ನೆಟ್ಟಗೆ ನಿಂತ ಎಪ್ಪತ್ತೈದರ ಹೆಂಗಸು. ಅವರೇ ಮುನಿಯಮ್ಮನವರು, ಆ ಸೈಟಿನ ಒಡತಿ. ನಮ್ಮ ಬಡಾವಣೆ ಹಳ್ಳಿಯಾಗಿದ್ದಾಗ ಇದೆಲ್ಲ ಅವರ ರಾಗಿಯ ಹೊಲ. ಈಗ ಗಂಡುಮಕ್ಕಳಿಬ್ಬರೂ ಕಟ್ಟಡಗಳನ್ನು ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಮುನಿಯಮ್ಮ ಮಾತ್ರ ಒಂದು ಹಸುವನ್ನು ಬಿಡದೆ ಇಟ್ಟುಕೊಂಡು, ವಾರಕ್ಕೆ ಮೂರು ಸಲ ಈ ಸೈಟಿಗೆ ಬಂದು ಅದಕ್ಕೆ ಹುಲ್ಲು ಕೊಯ್ಯುತ್ತಾರೆ. ನಾನು ಹುಳ ನೋಡುತ್ತಿದ್ದೇನೆ ಎಂದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, "ನೋಡಿ ನೋಡಿ. ಅವೂ ನಿಮ್ಮುನ್ನ ನೋಡ್ತಾ ಇರ್ತಾವೆ" ಎಂದರು.

ಅಲ್ಲಿಂದ ಅವರು ಬಂದಾಗಲೆಲ್ಲ ನನ್ನ ಹೆಸರಿನ ಕಾಲಮ್ ತುಂಬತೊಡಗಿತು. ದಪ್ಪ ಕಪ್ಪಿರುವೆಗೆ ಗೊದ್ದ, ಕಚ್ಚಿದರೆ ಜೀವ ಹೋಗುವ ಕೆಂಪಿರುವೆಗೆ ಕೆಂಜಿಗ. ನಾನು ಗುರುತಿಸಲಾರದೆ ಬಿಟ್ಟದ್ದನ್ನು ಅವರು ಅದು ಯಾವ ಬೆಳೆಗೆ ಬೀಳುತ್ತಿತ್ತು ಎಂಬುದರಿಂದ ಗುರುತಿಸುತ್ತಿದ್ದರು. ಇದು ಅವರೆ ಹುಳ, ಇದು ರಾಗಿ ತೆನೆ ಹಾಲುಗಟ್ಟಿದಾಗ ಬರೋದು. ಹೊಲ ಹೋಗಿ ಇಷ್ಟು ಕಾಲವಾದರೂ ಆ ಹುಳಗಳಿಗೆ ಇನ್ನೂ ಹಳೆಯ ವಿಳಾಸವೇ. ಹುತ್ತದ ವಿಷಯ ಕೇಳಿದ್ದಕ್ಕೆ, ತಾವು ಉಳುವಾಗ ಅಲ್ಲಿ ಹುತ್ತವೇ ಇರಲಿಲ್ಲ, ಆ ಸೆಂಟ್ರಿಂಗ್ ಹಲಗೆ ಬಂದು ಬಿದ್ದ ಮೇಲೆ ಗೆದ್ದಲು ಎದ್ದಿದ್ದು ಎಂದರು. ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ರೆಕ್ಕೆ ಬಂದು ಏಳುವ ಗೆದ್ದಲನ್ನು ಅವರ ತಾಯಿ ದೀಪವಿಟ್ಟು ಹಿಡಿದು, ಹುರಿದು, ಪುರಿಗೆ ಕಲಸಿ ಕೊಡುತ್ತಿದ್ದರಂತೆ. ರುಚಿ ಹೇಗೆ ಎಂದೆ. ಮುನಿಯಮ್ಮ ಕಣ್ಣು ಮುಚ್ಚಿ ಸುಮ್ಮನೆ ತಲೆಯಾಡಿಸಿದರು.

ಹುತ್ತದ ಒಳಗಿನ ಕಾರುಬಾರನ್ನು ನಾನೂ ಅಷ್ಟಿಷ್ಟು ಓದಿಕೊಂಡೆ. ಗೆದ್ದಲು ಹಲಗೆಯನ್ನು ತಿಂದು ಸುಮ್ಮನಿರುವುದಿಲ್ಲ. ಒಳಗೆ ಕತ್ತಲಲ್ಲಿ ಅಣಬೆಯಂಥ ಬೂಷ್ಟಿನ ತೋಟ ಮಾಡಿ, ಅದನ್ನು ಬೆಳೆದು ತಿನ್ನುತ್ತದೆ. ಶೆಖೆಯಾಗದಂತೆ ಗಾಳಿಗೆ ದಾರಿ ಬಿಡುತ್ತದೆ. ಅಂದರೆ ರಾಮಮೂರ್ತಿ ನಗರದಲ್ಲಿ ಇವತ್ತಿಗೂ ಬೇಸಾಯ ಮಾಡುತ್ತಿರುವವರು ಯಾರಾದರೂ ಇದ್ದರೆ ಅವರು ಆ ಹುತ್ತದೊಳಗಿದ್ದಾರೆ. ಗಾಳಿಯ ವಿಷಯದಲ್ಲಂತೂ ನಮ್ಮ ಮನೆಗಿಂತ ಅವರ ಮನೆಯೇ ವಾಸಿ.

ಎರಡು ವರ್ಷ ಕಳೆಯಿತು. ನೋಟ್‌ಬುಕ್ಕಿನಲ್ಲಿ ತೊಂಬತ್ತೇಳು ಹುಳ. ಅನುಬಂಧ ಸಲ್ಲಿಸುವುದಿರಲಿ, ಅರ್ಜಿ ಕೊಟ್ಟದ್ದೇ ಮರೆತುಹೋಗಿತ್ತು. ಒಂದು ಶುಕ್ರವಾರ ಫೋನ್ ಬಂತು. ಸಾರ್, ನಿಮ್ಮ ದೂರಿನ ಮೇಲೆ ಕ್ರಮ ಆಗಿದೆ, ಸೋಮವಾರ ಜೆಸಿಬಿ ಬಂದು ಎಲ್ಲ ಕ್ಲೀನ್ ಮಾಡಿಕೊಡುತ್ತದೆ.

ಚಪ್ಪಲಿ ಮೆಟ್ಟಿಕೊಂಡವನೇ ವಾರ್ಡಿನ ಕಚೇರಿಗೆ ಓಡಿದೆ. ಅದೇ ಹೆಣ್ಣುಮಗಳು ಇದ್ದರು, ಎರಡು ವರ್ಷದ ಹಿಂದಿನ ನನ್ನ ಮುಖ ಅವರಿಗೆ ನೆನಪಿತ್ತು. ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕೆಲಸ ಆಗಲಿಲ್ಲ ಎಂದು ಜಗಳಕ್ಕೆ ಬಂದವರನ್ನು ಅವರು ನೋಡಿದ್ದರೇ ಹೊರತು ಆಯಿತು ಎಂದು ಗೋಗರೆದವರನ್ನು ಕಂಡಿರಲಿಲ್ಲ. ಪಟ್ಟಿ ಹೊರಟುಹೋಗಿದೆ ಸಾರ್, ಬೀದಿಯವರಿಗೆಲ್ಲ ಒಳ್ಳೆಯದೇ ಅಲ್ಲವೇ ಎಂದು ಸಮಾಧಾನ ಹೇಳಿ ಕಳಿಸಿದರು. ತಪ್ಪು ಅವರದಲ್ಲ. ಮುನಿಯಮ್ಮನವರಿಗೆ ಹೇಳೋಣವೆಂದರೆ, ನಿಮ್ಮ ನೆಲದ ಮೇಲೆ ದೂರು ಕೊಟ್ಟವನು ನಾನೇ ಎಂದು ಯಾವ ಬಾಯಲ್ಲಿ ಹೇಳಲಿ? ಪಕ್ಕದಲ್ಲಿ ಕೂತು ಎರಡು ವರ್ಷ ಹುಳಗಳ ಹೆಸರು ಹೇಳಿಕೊಟ್ಟವರು ಅವರು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಭಾನುವಾರ ಮಧ್ಯಾಹ್ನ ಬೀದಿಯೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ ನಾನು ಮಾಡಿದ ಕೆಲಸವನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ದೇವರ ಮನೆಯಿಂದ ಸರೋಜಳ ಕುಂಕುಮದ ಭರಣಿ ತೆಗೆದುಕೊಂಡು ಹೋಗಿ ಹುತ್ತಕ್ಕೆ ಇಟ್ಟುಬಿಟ್ಟೆ. ಹುತ್ತಕ್ಕೆ ಕುಂಕುಮ ಬಿದ್ದರೆ ಅದರ ಮೇಲೆ ಜೆಸಿಬಿ ಹತ್ತಿಸುವ ಗಂಡಸು ಈ ಕಡೆ ಹುಟ್ಟಿಲ್ಲ. ಮೂರು ಸಾಲು, ಸಾಲಿಗೆ ಮೂರು ಬೊಟ್ಟು. ಇಟ್ಟು ನೋಡಿದರೆ ಎರಡನೆಯ ಸಾಲು ಓರೆಯಾಗಿ ಕಂಡಿತು. ಮನೆಗೆ ಹೋಗಿ ಆರಿಂಚಿನ ಸ್ಟೀಲ್ ಸ್ಕೇಲ್ ತಂದು ಸರಿಪಡಿಸಿದೆ. ಆಮೇಲೆ ಅರಿಶಿನ ಮರೆತಿದ್ದು ನೆನಪಾಗಿ, ಮತ್ತೆ ಹೋಗಿ ಅಡುಗೆಮನೆಯಿಂದ ತಂದು, ಪ್ರತಿಯೊಂದು ಕುಂಕುಮದ ಬೊಟ್ಟಿನ ಮೇಲೂ ಒಂದೊಂದು ಚಿಟಿಕೆ ಅಂಟಿಸಿದೆ. ಕೆಲಸ ಅಚ್ಚುಕಟ್ಟಾಗಿದೆ ಎಂದು ನನಗೇ ಅನ್ನಿಸಿತು.

ಸೋಮವಾರ ಜೆಸಿಬಿ ಬಂತು. ಡ್ರೈವರ್ ಇಳಿದು, ಹುತ್ತ ನೋಡಿ, ಚಪ್ಪಲಿ ಬಿಟ್ಟು ಕೈ ಮುಗಿದ. ಅವನ ಹೆಂಡತಿ ಐದು ತಿಂಗಳ ಬಸುರಿಯಂತೆ. ಇಂಥ ಹೊತ್ತಿನಲ್ಲಿ ನಾಗಪ್ಪನ ಮನೆ ಮುಟ್ಟಿದರೆ ಅವನತ್ತೆ ಅವನನ್ನು ಮನೆಗೆ ಸೇರಿಸುವುದಿಲ್ಲವಂತೆ. ಗಾಡಿ ಹಿಂದಕ್ಕೆ ಹೋಯಿತು. ನಾನು ಒಳಗೆ ಬಂದು ಎರಡು ಲೋಟ ಕಾಫಿ ಕುಡಿದೆ. ಸರೋಜ ಕುಂಕುಮದ ಭರಣಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

ಮಂಗಳವಾರ ಹುತ್ತದ ಮೇಲೆ ಸೇವಂತಿಗೆ ಹಾರ ಇತ್ತು. ಬುಧವಾರ ಹಾಲು, ಬಾಳೆಹಣ್ಣು. ಶುಕ್ರವಾರದ ಹೊತ್ತಿಗೆ ರಸೆಲ್ ಮಾರುಕಟ್ಟೆಯಿಂದ ಬುಟ್ಟಿಯಲ್ಲಿ ಹೂ ಬರತೊಡಗಿತ್ತು. ಹುತ್ತ ತಾನಾಗಿ ಬೊಟ್ಟು ಪಡೆದುಕೊಂಡಿದೆ, ಜೆಸಿಬಿ ಅದರ ಮುಂದೆ ತಾನಾಗಿ ನಿಂತುಹೋಯಿತು ಎಂದು ಪಕ್ಕದ ಬೀದಿಯವರು ನನಗೇ ಹೇಳಿದರು. ಅಲ್ಲಿಯವರೆಗೂ ಅದು ತಮಾಷೆಯಾಗಿತ್ತು. ಶನಿವಾರ ಬೆಳಿಗ್ಗೆ ನೋಡುತ್ತೇನೆ, ಹೆಂಗಸರು ಪ್ರದಕ್ಷಿಣೆಗೆ ದಾರಿ ಬೇಕೆಂದು ಹುತ್ತದ ಸುತ್ತ ಹುಲ್ಲು ಕಿತ್ತು, ತುಂಬೆ ಕಿತ್ತು, ಹರಳಿನ ಗಿಡ ಕಡಿಸಿ, ಹೊಂಗೆಯ ಬುಡದವರೆಗೂ ಗುಡಿಸಿ, ಸಗಣಿ ಸಾರಿಸಿ ರಂಗೋಲಿ ಹಾಕಿದ್ದಾರೆ. ಹದಿನಾಲ್ಕು ಗುಳಿಗಳೂ ರಂಗೋಲಿಯ ಅಡಿಯಲ್ಲಿ. ಜೆಸಿಬಿ ಅರ್ಧ ದಿನದಲ್ಲಿ ಮಾಡುವ ಕೆಲಸವನ್ನು ನನ್ನ ಕುಂಕುಮ ಒಂದು ವಾರದಲ್ಲಿ ಮಾಡುತ್ತಿತ್ತು.

ಅದರ ಮೇಲೆ ಗೋವಿಂದರಾಜು ಬಂದರು. ನಮ್ಮ ಬೀದಿಯ ಸಂಘದ ಕಾರ್ಯದರ್ಶಿ, ಮೇನ್ ರೋಡಿನಲ್ಲಿ ಟೈಲ್ಸ್ ಅಂಗಡಿ. ಒಳ್ಳೆಯ ಮನುಷ್ಯ, ಆದರೆ ಬರಿಯ ಮಣ್ಣು ಕಂಡರೆ ಅವರಿಗೆ ಸಂಕಟವಾಗುತ್ತದೆ. ಇಡೀ ಸೈಟನ್ನು ಸಮ ಮಾಡಿ, ಟೈಲ್ಸ್ ಹಾಸಿ, ಮೇಲೆ ಶೀಟು ಹಾಕಿಸಿಬಿಡೋಣ, ಟೈಲ್ಸ್ ತಮ್ಮದೇ ಸೇವೆ ಎಂದರು. ಮುನಿಯಮ್ಮನವರನ್ನು ಒಪ್ಪಿಸಲು ಭಾನುವಾರ ಹೊಂಗೆಯ ಕೆಳಗೆ ಸಭೆ. ಪಕ್ಕದ ಮನೆಯವನು ಎಂಬ ಕಾರಣಕ್ಕೆ ನಾನು ಅಧ್ಯಕ್ಷ. ಈಗ ನನ್ನ ಪಾಡು ನೋಡಿ. ಕುಂಕುಮ ಇಟ್ಟವನು ನಾನೇ ಎಂದು ಒಪ್ಪಿಕೊಂಡರೆ ಹುತ್ತದ ಮಹಿಮೆ ಹೋಗಿ ಜೆಸಿಬಿ ವಾಪಸು ಬರುತ್ತದೆ. ಒಪ್ಪಿಕೊಳ್ಳದಿದ್ದರೆ ಟೈಲ್ಸ್ ಬರುತ್ತದೆ. ಎರಡರಲ್ಲಿ ಯಾವುದು ಬಂದರೂ ತೊಂಬತ್ತೇಳು ಹುಳಗಳು ಹೋಗುತ್ತವೆ. ಇಷ್ಟು ದಿನ ಇನ್ನೊಬ್ಬರ ಕೆಲಸಕ್ಕೆ ಕೆಂಪು ಚೀಟಿ ಕಟ್ಟಿಕೊಂಡು ಬಂದವನು, ನನ್ನ ಕೈಯಿಂದಲೇ ಆದ ಕೆಲಸ ಇಷ್ಟು ಕೆಟ್ಟದಾಗಿರುತ್ತದೆ ಎಂದು ಎಣಿಸಿರಲಿಲ್ಲ.

ಸಭೆಗೆ ಮುನಿಯಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಗೋವಿಂದರಾಜು ಟೈಲ್ಸಿನ ಮೂರು ಮಾದರಿ ತೋರಿಸಿದರು. ಮುನಿಯಮ್ಮ ಮೂರನ್ನೂ ಬೆರಳಲ್ಲಿ ಸವರಿ ನೋಡಿ, ಚೆನ್ನಾಗಿವೆ ಎಂದು ಕೆಳಗಿಟ್ಟರು. ಬೊಟ್ಟು ಮೊದಲು ಕಂಡವರು ಯಾರು ಎಂದು ಕೇಳಿದರು. ತಾನಾಗೇ ಮೂಡಿದ್ದು ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು. ಮುನಿಯಮ್ಮ ಒಂದು ಸಲ ನನ್ನ ಕಡೆ ನೋಡಿದರು. ನಾನು ಅಧ್ಯಕ್ಷನಾಗಿ ನೆಲ ನೋಡಿದೆ.

"ಹುತ್ತ ಅಂದ್ಮ್ಯಾಕೆ ಅದ್ರ ಸುತ್ತ ಕಬ್ಬಿಣ ತಾಗ್‌ಬಾರ್ದು. ಕುಡುಗೋಲಿಲ್ಲ, ಹಾರೆ ಇಲ್ಲ, ಸನಿಕೆ ಇಲ್ಲ. ಈ ಸೈಟಿನ ಗಡಿ ಗಂಟ ಅಷ್ಟೇಯ. ನಮ್ಮತ್ತೆ ಮಾತು. ಪೂಜೆ ಮಾಡೋರು ಗಡೀಲಿ ನಿಂತು ಕೈ ಮುಗೀರಿ, ದೇವ್ರಿಗೆ ಕಣ್ಣು ಚೆನ್ನಾಗಿ ಕಾಣ್ತದೆ" ಎಂದರು ಮುನಿಯಮ್ಮ.

ಗೋವಿಂದರಾಜು ಮೆಲ್ಲಗೆ, ಟೈಲ್ಸು ಕಬ್ಬಿಣವಲ್ಲವಲ್ಲ ಎಂದರು. ನೆಲ ಸಮ ಮಾಡುವುದು ಯಾತರಲ್ಲಿ ಎಂದು ಮುನಿಯಮ್ಮ ಕೇಳಿದರು. ಗೋವಿಂದರಾಜು ಮಾದರಿಗಳನ್ನು ಚೀಲಕ್ಕೆ ಹಾಕಿಕೊಂಡರು. ಅತ್ತೆಯ ಮಾತು ಎಂದ ಮೇಲೆ, ಅದೂ ಎಪ್ಪತ್ತೈದು ವರ್ಷದವರ ಅತ್ತೆಯ ಮಾತು ಎಂದ ಮೇಲೆ, ನಮ್ಮ ಬೀದಿಯಲ್ಲಿ ಅದರ ಮೇಲೆ ಅಪೀಲಿಲ್ಲ.

ಎಲ್ಲರೂ ಹೋದ ಮೇಲೆ ಮುನಿಯಮ್ಮನವರನ್ನು ಮನೆಗೆ ಕರೆದೆ. ಸರೋಜ ಮಜ್ಜಿಗೆ ತಂದಿಟ್ಟಳು. ಅವರು ಅರ್ಧ ಕುಡಿದು ಲೋಟ ಕೆಳಗಿಟ್ಟು, ಸೋಮವಾರ ಜೆಸಿಬಿಗಿಂತ ಮುಂಚೆಯೇ ಹುಲ್ಲಿಗೆ ಬಂದಿದ್ದೆ ಎಂದರು. ಬೊಟ್ಟು ನೋಡಿದ ತಕ್ಷಣ ಗೊತ್ತಾಯಿತಂತೆ. ಯಾವ ಹೆಂಗಸೂ ಕುಂಕುಮದ ಮೇಲೆ ಅರಿಶಿನ ಇಡುವುದಿಲ್ಲ. ಮೊದಲು ಅರಿಶಿನ, ಅದರ ಮೇಲೆ ಕುಂಕುಮ. ಹಾಗಾದರೆ ಗಂಡಸು.

"ಅದ್ರಾಗೂ ಸ್ಕೇಲ್ ಇಕ್ಕಿ ಕುಂಕುಮ ಇಡೋ ಗಂಡ್ಸು ಈ ಬೀದೀಲಿ ಇನ್ಯಾರವ್ರೆ, ಯೋಳಿ" ಎಂದರು.

ಸರೋಜ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನಾನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಎರಡು ವರ್ಷದ ಹಿಂದೆ ದೂರು ಕೊಟ್ಟವನೂ ನಾನೇ ಎಂದೆ. ಅದೂ ಗೊತ್ತಿತ್ತಂತೆ, ಮಗನಿಗೆ ಬಂದ ನೋಟಿಸಿನ ಪ್ರತಿಯಲ್ಲಿ ನನ್ನ ಹೆಸರಿತ್ತಂತೆ. ಗೊತ್ತಿದ್ದೂ ಏಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಮುನಿಯಮ್ಮ ಕಿಟಕಿಯಾಚೆ ಸೈಟಿನ ಕಡೆ ನೋಡಿದರು.

"ನಲವತ್ತು ವರ್ಷ ಆ ಮಣ್ಣಾಗೆ ಬಗ್ಗಿದ್ದೀನಿ ಸಾಮಿ. ನಾ ಬಿಟ್ಟ ಮ್ಯಾಕೆ ಅಲ್ಲಿ ಬಗ್ಗಿ ನೋಡಿದೋರು ನೀವೊಬ್ರೇಯ."

ಸಂತೋಷವಾಯಿತು, ಕಣ್ಣಲ್ಲಿ ನೀರೂ ಬಂತು. ಮಾತು ಬದಲಾಯಿಸಲು, ನಿಮ್ಮತ್ತೆ ನಿಜವಾಗಿಯೂ ಹಾಗೆ ಹೇಳಿದ್ದರೇ ಎಂದೆ. ನೀವು ಇಟ್ಟ ಕುಂಕುಮ ಎಷ್ಟು ನಿಜವೋ ಅದೂ ಅಷ್ಟೇ ನಿಜ ಎಂದು ಉಳಿದ ಮಜ್ಜಿಗೆ ಕುಡಿದರು. ಆಗ ನನಗೆ ಹೊಳೆಯಿತು. ಕಬ್ಬಿಣ ತಾಗಬಾರದು ಎಂದರೆ ಅವರ ಕುಡುಗೋಲೂ ಇನ್ನು ಆ ಸೈಟಿಗೆ ಬರುವಂತಿಲ್ಲ. ಹಸುವಿನ ಹುಲ್ಲಿಗೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಹಸೂನೇ ಬಂದು ಮೇಯ್ಕಂಡ್ ಓಗ್ಲಿ. ಅದ್ರ ಬಾಯಾಗೇನು ಕಬ್ಬಿಣ ಐತಾ?"

ಈಗ ಹಸು ವಾರಕ್ಕೆ ಮೂರು ಸಲ ಬರುತ್ತದೆ. ಅದಕ್ಕೆ ಬೇಕಾದ್ದನ್ನು ತಿಂದು, ಎಕ್ಕ ಲಂಟಾನಗಳನ್ನು ಬಿಟ್ಟು, ಹೋಗುವಾಗ ಸಗಣಿ ಹಾಕಿ ಹೋಗುತ್ತದೆ. ಮೂರನೆಯ ವಾರ ಆ ಸಗಣಿಯಲ್ಲಿ, ರಾಮಮೂರ್ತಿ ನಗರದಲ್ಲಿ ಇನ್ನಿಲ್ಲವೆಂದೇ ನಾನು ತಿಳಿದಿದ್ದ ಸಗಣಿ ಹುಳ ಕಾಣಿಸಿಕೊಂಡಿತು. ತನಗಿಂತ ದೊಡ್ಡ ಉಂಡೆ ಮಾಡಿ, ತಲೆಕೆಳಗಾಗಿ ನಿಂತು, ಹಿಂಗಾಲಲ್ಲಿ ತಳ್ಳಿಕೊಂಡು ಹೋಗುತ್ತಿತ್ತು. ಉಂಡೆ ಎಷ್ಟು ಗುಂಡಗಿತ್ತು ಎಂದರೆ ವರ್ನಿಯರ್ ತೆಗೆಯಲು ಕೈ ಬರಲಿಲ್ಲ. ತೊಂಬತ್ತೆಂಟು ಎಂದು ಬರೆದುಕೊಂಡೆ. ಹೊಂಗೆಯ ಬುಡದಲ್ಲಿ ರಂಗೋಲಿ ಮಾಸಿ ಐದು ಹೊಸ ಗುಳಿಗಳಾಗಿವೆ. ಗಡಿಯಲ್ಲಿ ನಿಂತು ಕೈ ಮುಗಿಯುವವರು ಮುಗಿಯುತ್ತಾರೆ, ಗೋವಿಂದರಾಜು ಕೂಡ.

ಇದು ಎಷ್ಟು ದಿನ ಎಂದು ನಾನು ಕೇಳಿಲ್ಲ. ಮಕ್ಕಳು ಕಟ್ಟಡ ಎಬ್ಬಿಸಲು ಕಾಯುತ್ತಿದ್ದಾರೆ, ನಾನಿರುವವರೆಗೆ ಬೇಡ ಎಂದು ಹೇಳಿದ್ದೇನೆ ಎಂದು ಮುನಿಯಮ್ಮನೇ ಒಂದು ದಿನ ಹೇಳಿದರು. ಹೇಳಿ, ನಾನು ಇಟ್ಟ ಓರೆಯಿಲ್ಲದ ಒಂಬತ್ತು ಬೊಟ್ಟುಗಳು ಕಾಣದಂತೆ ಹುತ್ತದ ಮುಖಕ್ಕೆಲ್ಲ ದಪ್ಪಗೆ ಅರಿಶಿನ ಬಳಿದು, ನಡುವೆ ಒಂದೇ ಒಂದು ಕುಂಕುಮದ ಬೊಟ್ಟು ಇಟ್ಟರು. ಅದು ನಡುವೆಯೂ ಇರಲಿಲ್ಲ, ಸ್ವಲ್ಪ ಎಡಕ್ಕೆ ಸರಿದಿತ್ತು. ನಾನು ಸ್ಕೇಲ್ ತರಲು ಹೋಗಲಿಲ್ಲ.

ಅವರು ಹೋದ ಮೇಲೆ ಗೇಟಿನ ಹತ್ತಿರ ನಿಂತು ನೋಡಿದೆ. ಅಷ್ಟು ಹಸಿರಿನ ನಡುವೆ, ದೂರಕ್ಕೆ ಅಂಗೈಯಗಲ ಕಾಣುವ ಹಳದಿ. ಅಳತೆಗೆ ಸರಿಯಾಗಿ ಬಂದಿಲ್ಲ, ಬಿಸಾಡುವಷ್ಟು ಕೆಟ್ಟಿಲ್ಲ, ಸದ್ಯಕ್ಕೆ ನಡೆಯಲಿ. ಮೂವತ್ತೊಂದು ವರ್ಷ ಯಾವುದಕ್ಕೂ ಹಳದಿ ಚೀಟಿ ಕೇಳದೇ ಇದ್ದವನಿಗೆ, ಕೇಳದೆಯೇ ಒಂದು ಸಿಕ್ಕಿತ್ತು. ಅದು ಸೈಟಿಗೆ ಕಟ್ಟಿದ್ದೋ, ಅಥವಾ ದೂರು ಕೊಟ್ಟು, ಕದ್ದು ಕುಂಕುಮ ಇಟ್ಟು, ಅಧ್ಯಕ್ಷನಾಗಿ ನೆಲ ನೋಡಿದ ನನಗೆ ಕಟ್ಟಿದ್ದೋ, ಅವರನ್ನು ಕೇಳಲಿಲ್ಲ. ಮೇಲಿನವರ ಸಹಿ ಇಲ್ಲದೆ ಹಳದಿ ಚೀಟಿ ನಡೆಯುವುದಿಲ್ಲ ಎಂಬುದು ಮಾತ್ರ ನೆನಪಾಗಿ, ಹತ್ತಿರ ಹೋಗಿ ಭೂತಗನ್ನಡಿ ಹಿಡಿದೆ. ಮುನಿಯಮ್ಮನವರಿಗೆ ಓದುಬರಹ ಬಾರದು, ಕಾಗದಪತ್ರಗಳಿಗೆಲ್ಲ ಹೆಬ್ಬೆಟ್ಟು. ಹಸಿ ಅರಿಶಿನದಲ್ಲಿ ಅವರ ಬೆರಳಿನ ಗೆರೆಗಳು ಒಂದೂ ಅಳಿಸದೆ ಮೂಡಿದ್ದವು, ಒಂದು ಗೊದ್ದ ಆ ಗೆರೆಗಳನ್ನು ದಾಟಿಕೊಂಡು ತನ್ನ ಕೆಲಸಕ್ಕೆ ಹೋಗುತ್ತಿತ್ತು.